ಇಪ್ಪತ್ತು ಬಾಗಿಲು ಮುಚ್ಚುವ ಆಟ: ದಿನದ ಸುಡೊಕು ಬಿಡಿಸುವ ಬಗೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಸುಡೊಕುವಿನ ನಿಯಮ ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತಿದೆ ಅಂದುಕೊಂಡೇ ಮಾತು ಶುರುಮಾಡುತ್ತೇನೆ. ಒಂಬತ್ತು ಅಡ್ಡಸಾಲು, ಒಂಬತ್ತು ಕಂಬಸಾಲು, ಮೂರು-ಮೂರರ ಒಂಬತ್ತು ಚೌಕ. ಒಟ್ಟು 27 ಗುಂಪು. ಪ್ರತಿ ಗುಂಪಿನಲ್ಲೂ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಬರಬೇಕು. ಇಷ್ಟೇ.

ಈಗ ಒಂದು ಮನೆಯನ್ನು ಮಾತ್ರ ನೋಡಿ. ಅದೇ ಅಡ್ಡಸಾಲಿನಲ್ಲಿ ಅದಕ್ಕೆ ಎಂಟು ನೆರೆಮನೆಗಳು. ಕಂಬಸಾಲಿನಲ್ಲಿ ಇನ್ನೆಂಟು. ಚೌಕದಲ್ಲಿ ಈ ಎರಡೂ ಲೆಕ್ಕಕ್ಕೆ ಸಿಗದೆ ಉಳಿದವು ನಾಲ್ಕು. ಒಟ್ಟು ಇಪ್ಪತ್ತು. ಆ ಮನೆಯಲ್ಲಿ ನೀವು 7 ಒತ್ತಿದ ಕೂಡಲೇ ಇಪ್ಪತ್ತು ಮನೆಗಳಲ್ಲಿ 7ಕ್ಕೆ ಬಾಗಿಲು ಮುಚ್ಚಿತು. ತೆರೆಯ ಮೇಲೆ ಕಾಣುವುದು ಒಂದೇ ಒಂದು ಅಂಕಿ, ಆದರೆ ನಡೆದ ಕೆಲಸ ಇಪ್ಪತ್ತು. ಸುಡೊಕುವಿನಲ್ಲಿ ಸಿಕ್ಕಿಬೀಳುವವರಲ್ಲಿ ಬಹುಪಾಲು ಜನ ಯಾವುದೋ ದೊಡ್ಡ ತಂತ್ರ ಗೊತ್ತಿಲ್ಲದೆ ಸಿಕ್ಕಿಬೀಳುವುದಿಲ್ಲ; ಈ ಇಪ್ಪತ್ತರಲ್ಲಿ ಒಂದು ಬಾಗಿಲನ್ನು ಮುಚ್ಚದೆ ಬಿಟ್ಟು ಮುಂದೆ ಹೋಗಿರುತ್ತಾರೆ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮನೆಗಳನ್ನು ಕರೆಯಲು ಒಂದು ಒಪ್ಪಂದ ಮಾಡಿಕೊಳ್ಳೋಣ. 2-5 ಅಂದರೆ ಎರಡನೇ ಅಡ್ಡಸಾಲು, ಐದನೇ ಕಂಬಸಾಲು. ಮೊದಲು ಅಡ್ಡ, ಆಮೇಲೆ ಕಂಬ. ಚೌಕಗಳಿಗೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ 1ರಿಂದ 9. ಒಂದು ಖಾಲಿ ಮನೆಯಲ್ಲಿ ಇನ್ನೂ ಬರಬಹುದಾದ ಅಂಕಿಗಳಿಗೆ 'ಅಭ್ಯರ್ಥಿ' ಎನ್ನೋಣ. ಚುನಾವಣೆಯ ಹಾಗೆಯೇ: ನಿಂತವರು ಹಲವರು, ಗೆಲ್ಲುವವರು ಒಬ್ಬರೇ.

ದಿನಕ್ಕೊಂದು ಒಗಟು ಎಲ್ಲಿಂದ ಬಂತು

ಹೆಸರು ಜಪಾನಿನದಾದರೂ ಆಟ ಹುಟ್ಟಿದ್ದು ಅಮೆರಿಕದಲ್ಲಿ. ಇಂಡಿಯಾನಾಪೊಲಿಸ್‌ನ ನಿವೃತ್ತ ವಾಸ್ತುಶಿಲ್ಪಿ ಹೋವರ್ಡ್ ಗಾರ್ನ್ಸ್ ರಚಿಸಿದ್ದೆಂದು ನಂಬಲಾದ ಈ ಒಗಟು 1979ರಲ್ಲಿ ಡೆಲ್ ಸಂಸ್ಥೆಯ ಒಗಟು ಪತ್ರಿಕೆಯಲ್ಲಿ 'ನಂಬರ್ ಪ್ಲೇಸ್' ಎಂಬ ಹೆಸರಿನಲ್ಲಿ ಅಚ್ಚಾಯಿತು. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆ ಅದನ್ನು ತನ್ನ ಓದುಗರ ಮುಂದಿಟ್ಟಿತು. ಅಲ್ಲಿನ ಮಾಕಿ ಕಾಜಿ ಇಟ್ಟ ಉದ್ದ ಹೆಸರಿನ ಅರ್ಥ ಹೆಚ್ಚುಕಡಿಮೆ 'ಅಂಕಿಗಳು ಅವಿವಾಹಿತವಾಗಿಯೇ ಇರತಕ್ಕದ್ದು' ಎಂದು. ಒಂದು ಗುಂಪಿನಲ್ಲಿ ಒಂದು ಅಂಕಿಗೆ ಜೊತೆ ಇರಬಾರದು, ಬ್ರಹ್ಮಚಾರಿ! ಆ ಹೆಸರು ಮೊಟಕಾಗಿ ಸುಡೊಕು ಆಯಿತು.

ದಿನದ ಒಗಟಿನ ಮಟ್ಟಿಗೆ ಮುಖ್ಯ ವ್ಯಕ್ತಿ ಮೂರನೆಯವರು. ಹಾಂಗ್‌ಕಾಂಗ್‌ನಲ್ಲಿ ನ್ಯಾಯಾಧೀಶರಾಗಿದ್ದ ನ್ಯೂಜಿಲೆಂಡಿನ ವೇಯ್ನ್ ಗೌಲ್ಡ್ 1997ರಲ್ಲಿ ಟೋಕಿಯೊದ ಪುಸ್ತಕದಂಗಡಿಯಲ್ಲಿ ಈ ಒಗಟನ್ನು ನೋಡಿ, ಅದನ್ನು ತಯಾರಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಆರು ವರ್ಷ ಹಿಡಿದರು. 2004ರ ನವೆಂಬರ್ 12ರಂದು ಲಂಡನ್ನಿನ 'ದಿ ಟೈಮ್ಸ್' ಅವರ ಒಗಟುಗಳನ್ನು ಪ್ರಕಟಿಸಲು ಶುರುಮಾಡಿತು. ಇವತ್ತು ನಿಮ್ಮ ಫೋನಿನಲ್ಲಿ ದಿನಕ್ಕೊಂದು ಒಗಟು ತಪ್ಪದೆ ಬರುವುದು ಇಂಥ ಯಂತ್ರ ತಯಾರಿಯಿಂದಲೇ. ಸರಕು ಮುಗಿದುಹೋಗುವ ಭಯ ಬೇಡ. ಪೂರ್ತಿ ತುಂಬಿದ ಸುಡೊಕು ಹಲಗೆಗಳ ಸಂಖ್ಯೆ 22 ಅಂಕಿಗಳಷ್ಟು ಉದ್ದ. ತಿರುಗಿಸಿ, ಸಾಲು ಅದಲುಬದಲು ಮಾಡಿ, ಅಂಕಿಗಳ ಹೆಸರು ಬದಲಿಸಿ ಒಂದರಿಂದ ಇನ್ನೊಂದನ್ನು ಪಡೆಯಬಹುದಾದವನ್ನೆಲ್ಲ ಒಂದೇ ಎಂದು ಎಣಿಸಿದರೂ 5,47,27,30,538 ಉಳಿಯುತ್ತವೆ. ದಿನಕ್ಕೊಂದರಂತೆ ಒಂದೂವರೆ ಕೋಟಿ ವರ್ಷಕ್ಕೆ ಸಾಕು.

ಸೆಟ್ಟಿಂಗ್ ನೋಡದೆ ಶುರುಮಾಡಬೇಡಿ

ಕಾಗದಕ್ಕೂ ತೆರೆಗೂ ಇರುವ ದೊಡ್ಡ ವ್ಯತ್ಯಾಸ ಇದು: ತೆರೆ ನಿಮ್ಮ ಜೊತೆ ಆಡುತ್ತದೆ. ಎಷ್ಟು ಆಡಬೇಕು ಎಂದು ನೀವು ಮೊದಲೇ ತೀರ್ಮಾನಿಸಬೇಕು.

ತಪ್ಪು ತೋರಿಸುವ ವ್ಯವಸ್ಥೆಯಲ್ಲಿ ಎರಡು ಬಗೆ ಇವೆ. ಇವೆರಡನ್ನೂ ಒಂದೇ ಎಂದು ತಿಳಿಯುವವರೇ ಹೆಚ್ಚು. ಮೊದಲನೆಯದು ನಿಯಮ ಮುರಿದಾಗ ಮಾತ್ರ ಕೆಂಪಾಗುತ್ತದೆ. ಒಂದೇ ಸಾಲಿನಲ್ಲಿ ಎರಡು 4 ಬಂದರೆ ಕೆಂಪು, ಇಲ್ಲದಿದ್ದರೆ ಸುಮ್ಮನಿರುತ್ತದೆ. ಎರಡನೆಯದು ನೀವು ಒತ್ತಿದ ಅಂಕಿಯನ್ನು ಉತ್ತರದ ಜೊತೆಗೇ ತಾಳೆ ನೋಡುತ್ತದೆ. ಸಾಲಿನಲ್ಲಿ ಬೇರೆ 4 ಇಲ್ಲದಿದ್ದರೂ, ಉತ್ತರದಲ್ಲಿ ಅಲ್ಲಿ 4 ಇಲ್ಲ ಎಂದರೆ ಕೆಂಪು. ಮೊದಲನೆಯದು ಕನ್ನಡಕ, ಎರಡನೆಯದು ಉತ್ತರಪತ್ರಿಕೆ. ಎರಡು ಅಭ್ಯರ್ಥಿಗಳಿರುವ ಮನೆಯಲ್ಲಿ ಒಂದನ್ನು ಒತ್ತಿ, ಕೆಂಪಾದರೆ ಇನ್ನೊಂದು ಎಂದುಕೊಂಡರೆ ಒಗಟು ಮುಗಿಯುತ್ತದೆ ನಿಜ. ಬಿಡಿಸಿದ್ದು ಮಾತ್ರ ಪ್ರೋಗ್ರಾಂ. ಕಲಿಯಬೇಕು ಎನ್ನುವವರು ಎರಡನೆಯದನ್ನು ಬಂದ್ ಮಾಡಿ, ಮೊದಲನೆಯದನ್ನು ಇಟ್ಟುಕೊಳ್ಳಿ.

ಉಳಿದ ಸೆಟ್ಟಿಂಗ್‌ಗಳಲ್ಲಿ ಒಂದು ಅಂಕಿಯನ್ನು ಮುಟ್ಟಿದರೆ ಹಲಗೆಯಲ್ಲಿರುವ ಅದೇ ಅಂಕಿಗಳೆಲ್ಲ ಬಣ್ಣ ತಾಳುವುದು ಒಳ್ಳೆಯ ಸೌಲಭ್ಯ, ಇಟ್ಟುಕೊಳ್ಳಿ. ಅಂಕಿ ಹಾಕಿದಾಗ ನೆರೆಮನೆಗಳ ಟಿಪ್ಪಣಿಯಿಂದ ಆ ಅಂಕಿ ತಾನಾಗಿ ಅಳಿಯುವುದನ್ನೂ ಇಟ್ಟುಕೊಳ್ಳಿ. ಇಪ್ಪತ್ತು ಬಾಗಿಲನ್ನು ಕೈಯಿಂದ ಮುಚ್ಚುವುದರಲ್ಲಿ ಯಾವ ಪುಣ್ಯವೂ ಇಲ್ಲ. ಆದರೆ ಎಲ್ಲ ಅಭ್ಯರ್ಥಿಗಳನ್ನೂ ಒಂದೇ ಗುಂಡಿಗೆ ತುಂಬಿಕೊಡುವ ಸೌಲಭ್ಯವನ್ನು ಒಗಟಿನ ಆರಂಭದಲ್ಲೇ ಒತ್ತಬೇಡಿ. ಐವತ್ತೈದು ಖಾಲಿ ಮನೆಗಳಿಗೆ ಮನೆಗೆ ಮೂರು-ನಾಲ್ಕರಂತೆ ಇನ್ನೂರರ ಹತ್ತಿರ ಪುಟ್ಟ ಅಂಕಿಗಳು ಒಮ್ಮೆಲೇ ಬಂದು ಕೂರುತ್ತವೆ. ಸುಲಭವಾಗಿ ಕಾಣಬೇಕಿದ್ದ ಅಂಕಿಯೂ ಆ ಸಂತೆಯಲ್ಲಿ ಕಳೆದುಹೋಗುತ್ತದೆ. ಇನ್ನೊಂದು ಹುಳುಕು: ಈ ಸೌಲಭ್ಯವನ್ನು ಆರಿಸಿ ಮತ್ತೆ ಹಚ್ಚಿದರೆ, ನೀವು ತರ್ಕ ಮಾಡಿ ಅಳಿಸಿದ್ದ ಅಭ್ಯರ್ಥಿಗಳನ್ನು ಕೆಲವು ಆಪ್‌ಗಳು ವಾಪಸ್ಸು ತಂದು ನಿಲ್ಲಿಸುತ್ತವೆ. ನೀವು ಹೊಸದಾಗಿ ಆಡುವ ಆಪ್‌ನಲ್ಲಿ ಹೀಗಾಗುತ್ತದೆಯೇ ಎಂದು ಒಂದು ಸುಲಭದ ಒಗಟಿನಲ್ಲಿ ಮೊದಲೇ ಪರೀಕ್ಷಿಸಿ.

ಗಡಿಯಾರ? ಕಣ್ಣಿಗೆ ಕಾಣದಂತೆ ಮುಚ್ಚುವ ಅವಕಾಶವಿದ್ದರೆ ಮುಚ್ಚಿ. ಗಡಿಯಾರ ನೋಡುತ್ತಾ ಆಡುವವರು 'ಇರಬಹುದು' ಎಂಬುದನ್ನು 'ಇದೆ' ಎಂದು ಒತ್ತುತ್ತಾರೆ.

ಮೊದಲ ಸುತ್ತು: ಅಂಕಿಯನ್ನು ಹಿಡಿದು ಹೊರಡಿ

ಹೊಸಬರು ಖಾಲಿ ಮನೆಯನ್ನು ನೋಡಿ 'ಇಲ್ಲಿ ಏನು ಬರುತ್ತದೆ' ಎಂದು ಕೇಳುತ್ತಾರೆ. ಆರಂಭದಲ್ಲಿ ಆ ಪ್ರಶ್ನೆ ದುಬಾರಿ, ಒಂಬತ್ತು ಅಂಕಿಗಳನ್ನೂ ಮೂರು ಗುಂಪುಗಳಲ್ಲಿ ಹುಡುಕಬೇಕು. ಅದರ ಬದಲು ಒಂದು ಅಂಕಿಯನ್ನು ಹಿಡಿದು 'ಈ ಚೌಕದಲ್ಲಿ ಇದು ಎಲ್ಲಿ ಕೂರುತ್ತದೆ' ಎಂದು ಕೇಳಿ. ಹಲಗೆಯಲ್ಲಿ ಯಾವ ಅಂಕಿ ಹೆಚ್ಚು ಸಲ ಇದೆಯೋ ಅದರಿಂದ ಆರಂಭ.

ಉದಾಹರಣೆಗೆ 7 ಹಿಡಿಯೋಣ. 2-8ರಲ್ಲಿ ಒಂದು 7 ಇದೆ, 3-5ರಲ್ಲಿ ಒಂದು, 6-1ರಲ್ಲಿ ಒಂದು. ಒಂದನೇ ಚೌಕವನ್ನು ನೋಡಿ. ಎರಡನೇ ಅಡ್ಡಸಾಲು ಮುಚ್ಚಿತು, ಮೂರನೆಯದೂ ಮುಚ್ಚಿತು. ಉಳಿದದ್ದು 1-1, 1-2, 1-3. ಒಂದನೇ ಕಂಬಸಾಲಿನಲ್ಲಿ ಕೆಳಗೆ 7 ಇರುವುದರಿಂದ 1-1 ಹೋಯಿತು. 1-2ರಲ್ಲಿ ಆಗಲೇ 4 ಕೂತಿದೆ ಅಂದುಕೊಳ್ಳಿ. ಹಾಗಾದರೆ 7ಕ್ಕೆ ಉಳಿದ ಜಾಗ 1-3 ಒಂದೇ. ಗಮನಿಸಿ, 1-3ನ್ನು ಮಾತ್ರ ನೋಡಿದ್ದರೆ ಅಲ್ಲಿ ಐದು ಅಭ್ಯರ್ಥಿಗಳಿರಬಹುದು, ಉತ್ತರ ಕಾಣುವುದೇ ಇಲ್ಲ. ಇದಕ್ಕೆ 'ಅಡಗಿದ ಒಂಟಿ' ಎನ್ನೋಣ.

ಇದರ ಎದುರು ಬಗೆ 'ಬಯಲಿನ ಒಂಟಿ'. ಒಂದು ಮನೆಗೆ ಎಂಟು ಅಂಕಿಗಳು ಮುಚ್ಚಿಹೋಗಿ ಒಂಬತ್ತನೆಯದು ತಾನಾಗಿ ಉಳಿಯುವುದು. 5-5 ನೋಡಿ. ಐದನೇ ಅಡ್ಡಸಾಲಿನಲ್ಲಿ 1, 4, 9 ಇವೆ. ಐದನೇ ಕಂಬಸಾಲಿನಲ್ಲಿ 2, 6, 7. ಚೌಕದಲ್ಲಿ ಇನ್ನೂ 3, 8. ಉಳಿದದ್ದು 5. ಹೆಸರು ಬಯಲು, ಆದರೆ ಕಣ್ಣಿಗೆ ಸಿಗುವುದು ಇದೇ ಕಷ್ಟ. ಮೂರು ಗುಂಪುಗಳಲ್ಲಿ ಚದುರಿದ ಎಂಟು ಅಂಕಿಗಳನ್ನು ಒಟ್ಟಿಗೆ ಎಣಿಸಬೇಕಲ್ಲ. ಆದ್ದರಿಂದ ಇದನ್ನು ಹುಡುಕುವ ಜಾಗ ಗೊತ್ತಿರಬೇಕು: ಹೆಚ್ಚು ತುಂಬಿದ ಅಡ್ಡಸಾಲು, ಹೆಚ್ಚು ತುಂಬಿದ ಕಂಬಸಾಲು ಕೂಡುವ ಮನೆ.

ಸುಲಭ ಎಂದು ಬರೆದಿರುವ ಒಗಟುಗಳು ಸಾಮಾನ್ಯವಾಗಿ ಈ ಎರಡರಲ್ಲೇ ಮುಗಿಯುತ್ತವೆ. ಒಂದು ಸುತ್ತು ಎಂದರೆ 1ರಿಂದ 9ರವರೆಗೆ ಒಂದೊಂದು ಅಂಕಿಯನ್ನೂ ಒಂಬತ್ತು ಚೌಕದಲ್ಲೂ ನೋಡುವುದು. ಸುತ್ತಿನ ನಡುವೆ ಒಂದು ಅಂಕಿ ಹೊಸದಾಗಿ ಕೂತರೆ, ಆಗಲೇ ನೋಡಿ ಬಿಟ್ಟ ಅಂಕಿಗಳ ಸ್ಥಿತಿಯೂ ಬದಲಾಗುತ್ತದೆ, ಯಾಕೆಂದರೆ ಒಂದು ಮನೆ ತುಂಬಿತು. ಅದಕ್ಕಾಗಿ ಒಂದೂ ಅಂಕಿ ಸಿಗದ ಪೂರ್ತಿ ಸುತ್ತು ಬರುವವರೆಗೆ ಈ ಹಂತವನ್ನು ಬಿಡಬಾರದು. ಅವಸರದಲ್ಲಿ ಅರ್ಧ ಸುತ್ತಿಗೆ ಬಿಟ್ಟು ಎಕ್ಸ್-ವಿಂಗ್ (ಕಷ್ಟದ ಒಗಟಿನ ತಂತ್ರ, ಮುಂದೆ ಹೇಳುತ್ತೇನೆ) ಹುಡುಕಲು ಹೋಗುವವರಿಗೆ ಎಕ್ಸ್-ವಿಂಗ್ ಸಿಗುವುದಿಲ್ಲ; ಸಿಗಬೇಕಾದದ್ದು ಅಡಗಿದ ಒಂಟಿ.

ಟಿಪ್ಪಣಿ ಎಷ್ಟು, ಯಾವಾಗ

ಮೊದಲ ಸುತ್ತಿನಲ್ಲೇ ಒಂದು ಮಿತವಾದ ಟಿಪ್ಪಣಿ ಇಡಿ. ಒಂದು ಚೌಕದಲ್ಲಿ ಒಂದು ಅಂಕಿಗೆ ಎರಡೇ ಜಾಗ ಉಳಿದಿದ್ದರೆ ಮಾತ್ರ ಆ ಎರಡು ಮನೆಗಳ ಮೂಲೆಯಲ್ಲಿ ಬರೆಯಿರಿ. ಮೂರು ಜಾಗವಿದ್ದರೆ ಬರೆಯಬೇಡಿ. ಈ ಪದ್ಧತಿಗೆ ವಿಶ್ವ ಸುಡೊಕು ಚಾಂಪಿಯನ್ ಥಾಮಸ್ ಸ್ನೈಡರ್ ಅವರ ಹೆಸರು ಅಂಟಿಕೊಂಡಿದೆ. ಇದರ ಬಲ ಇರುವುದೇ ಅದರ ಜಿಪುಣತನದಲ್ಲಿ. ಗುರುತು ಇದೆ ಎಂದರೆ 'ಈ ಚೌಕದಲ್ಲಿ ಈ ಅಂಕಿ ಇಲ್ಲಿ ಅಥವಾ ಅಲ್ಲಿ, ಬೇರೆಲ್ಲೂ ಇಲ್ಲ' ಎಂಬ ಖಚಿತ ಮಾತು. ಎರಡರಲ್ಲಿ ಒಂದು ಮುಚ್ಚಿದರೆ ಇನ್ನೊಂದು ಕೂಡಲೇ ಉತ್ತರ. ಒಂದೇ ಚೌಕದ ಎರಡು ಮನೆಗಳಲ್ಲಿ ಎರಡು ಅಂಕಿಗಳ ಗುರುತೂ ಕೂಡಿಬಂದರೆ, ಅಂದರೆ 2ಕ್ಕೂ ಇವೇ ಎರಡು ಮನೆ, 5ಕ್ಕೂ ಇವೇ ಎರಡು ಮನೆ ಆದರೆ, ಆ ಎರಡು ಮನೆಗಳು ಬೇರೆ ಎಲ್ಲ ಅಂಕಿಗೂ ಮುಚ್ಚಿದವು. ಇದು ಜೋಡಿ. ಹುಡುಕದೆಯೇ ಸಿಕ್ಕ ಜೋಡಿ.

ಇಲ್ಲಿ ಆಗುವ ತಪ್ಪು ಒಂದೇ ಬಗೆಯದು: ನಡುವೆ ನಿಯಮ ಸಡಿಲಿಸಿ, ಕೆಲವು ಕಡೆ ಮೂರು ಜಾಗ ಇದ್ದರೂ ಬರೆದುಬಿಡುವುದು. ಹತ್ತು ನಿಮಿಷದ ಮೇಲೆ ಅದನ್ನೇ ನೋಡಿ 'ಎರಡೇ ಜಾಗ' ಎಂದು ಓದಿಕೊಂಡು ತಪ್ಪು ಅಂಕಿ ಒತ್ತುತ್ತೀರಿ. ಮೂಲೆಯ ಗುರುತು, ನಡುವಿನ ಗುರುತು ಎಂದು ಎರಡು ಬಗೆ ಕೊಡುವ ಆಪ್ ಆದರೆ ಮೂಲೆಯನ್ನು 'ಚೌಕದಲ್ಲಿ ಈ ಅಂಕಿಗೆ ಎಲ್ಲಿ ಜಾಗ' ಎಂಬುದಕ್ಕೆ, ನಡುವನ್ನು 'ಈ ಮನೆಗೆ ಯಾರು ಅಭ್ಯರ್ಥಿಗಳು' ಎಂಬುದಕ್ಕೆ ಮೀಸಲಿಡಿ. ಎರಡನ್ನೂ ಬೆರೆಸಬೇಡಿ.

ಸುತ್ತು ಬರಿದಾಯಿತು, ಗುರುತುಗಳಿಂದಲೂ ಏನೂ ಸಿಗಲಿಲ್ಲ ಎಂದಾಗ ಮಾತ್ರ ಪೂರ್ತಿ ಅಭ್ಯರ್ಥಿಗಳನ್ನು ತುಂಬಿ. ತುಂಬುವುದಾದರೆ ಪೂರ್ತಿಯೇ ತುಂಬಬೇಕು. ಅರೆಬರೆ ಪಟ್ಟಿಯ ಮೇಲೆ ಮುಂದಿನ ತಂತ್ರಗಳು ಯಾವುದೂ ನಿಲ್ಲುವುದಿಲ್ಲ.

ಸಾಲು-ಚೌಕದ ಜಗಳ, ಜೋಡಿಗಳು

ಮಧ್ಯಮ ಮಟ್ಟದ ಒಗಟುಗಳು ಬಾಗಿಲು ತೆರೆಯುವುದು ಹೆಚ್ಚಾಗಿ ಇಲ್ಲೇ. ಮೂರನೇ ಚೌಕದಲ್ಲಿ 6ಕ್ಕೆ 1-7, 1-9 ಎರಡೇ ಜಾಗ ಉಳಿದಿವೆ ಅನ್ನಿ. ಎರಡೂ ಒಂದನೇ ಅಡ್ಡಸಾಲಿನಲ್ಲಿವೆ. 6 ಎರಡರಲ್ಲಿ ಯಾವುದರಲ್ಲಿ ಬಂದರೂ ಒಂದನೇ ಅಡ್ಡಸಾಲಿನ 6 ಮೂರನೇ ಚೌಕದ ಒಳಗೇ ಆಯಿತು. ಆದ್ದರಿಂದ ಅದೇ ಸಾಲಿನಲ್ಲಿ 1-1ರಿಂದ 1-6ರವರೆಗೆ ಎಲ್ಲಿ 6 ಅಭ್ಯರ್ಥಿಯಾಗಿದ್ದರೂ ಅಳಿಸಿ. ಇದೇ ವಾದ ತಿರುಗಿಯೂ ನಡೆಯುತ್ತದೆ. ಎಂಟನೇ ಅಡ್ಡಸಾಲಿನಲ್ಲಿ 5ಕ್ಕೆ 8-1, 8-3 ಮಾತ್ರ ಜಾಗ ಎಂದರೆ ಏಳನೇ ಚೌಕದ 5 ಆ ಸಾಲಿನಲ್ಲೇ ಇದೆ. ಚೌಕದ ಉಳಿದ ಎರಡು ಸಾಲುಗಳಿಂದ 5 ಅಳಿಸಿ. ಮೊದಲನೆಯದನ್ನು ಬಹಳ ಜನ ನೋಡುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಕಣ್ಣಿಗೆ ಚೌಕ ಗುಂಪಾಗಿ ಕಾಣುವಷ್ಟು ಸಲೀಸಾಗಿ ಸಾಲು ಕಾಣುವುದಿಲ್ಲ, ಅದೇ ಕಾರಣ.

ಜೋಡಿಗೆ ಒಂದು ಪೂರ್ತಿ ಉದಾಹರಣೆ. ನಾಲ್ಕನೇ ಅಡ್ಡಸಾಲಿನಲ್ಲಿ ನಾಲ್ಕು ಮನೆ ಖಾಲಿ, ಬರಬೇಕಾದ ಅಂಕಿಗಳು 1, 3, 6, 8. ಅಭ್ಯರ್ಥಿಗಳು ಹೀಗಿವೆ: 4-2ರಲ್ಲಿ 3, 8. 4-5ರಲ್ಲೂ 3, 8. 4-6ರಲ್ಲಿ 3, 6. 4-9ರಲ್ಲಿ 1, 6, 8. ಮೊದಲೆರಡು ಮನೆಗಳು 3 ಮತ್ತು 8ನ್ನು ತಮ್ಮೊಳಗೇ ಹಂಚಿಕೊಳ್ಳಬೇಕು. ಯಾರಿಗೆ ಯಾವುದು ಗೊತ್ತಿಲ್ಲ, ಹೊರಗಿನವರಿಗಂತೂ ಸಿಗುವುದಿಲ್ಲ. ಹಾಗಾಗಿ 4-6ರಿಂದ 3 ಅಳಿಯಿತು, ಅಲ್ಲಿ 6 ನಿಂತಿತು. 4-9ರಿಂದ 8 ಅಳಿಯಿತು, ಈಗ 6ನೂ ಅಳಿಯಿತು, ಉಳಿದದ್ದು 1. ಜೋಡಿಯ ಮನೆಗಳು ಇನ್ನೂ ಖಾಲಿಯೇ ಇವೆ, ಅವುಗಳ ಪಕ್ಕದ ಎರಡು ತುಂಬಿದವು.

ಅಡಗಿದ ಜೋಡಿ ಇದರ ಕನ್ನಡಿ. ಒಂದು ಚೌಕದಲ್ಲಿ ಐದು ಮನೆ ಖಾಲಿ, ಬೇಕಾದವು 1, 4, 6, 8, 9. 1 ಮತ್ತು 4 ಎರಡೂ ಎರಡೇ ಮನೆಗಳಲ್ಲಿ ಅಭ್ಯರ್ಥಿಯಾಗಿವೆ, ಆದರೆ ಆ ಮನೆಗಳಲ್ಲಿ 6, 8, 9 ಕೂಡ ನಿಂತು ಗುಂಪು ಕಟ್ಟಿವೆ. 1 ಮತ್ತು 4ಕ್ಕೆ ಬೇರೆ ಗತಿಯಿಲ್ಲವಾದ್ದರಿಂದ ಆ ಎರಡು ಮನೆಗಳಿಂದ 6, 8, 9ನ್ನು ಅಳಿಸಿ. ಇನ್ನೊಂದು ಕಡೆಯಿಂದ ನೋಡಿದರೆ ಉಳಿದ ಮೂರು ಮನೆಗಳಲ್ಲಿ 6, 8, 9 ಬಿಟ್ಟು ಬೇರೇನೂ ಇಲ್ಲ. ಅದು ಬಯಲಿನ ತ್ರಿವಳಿ. ಎರಡೂ ಒಂದೇ ಸಂಗತಿ. ಐದು ಖಾಲಿ ಮನೆಯಲ್ಲಿ ಅಡಗಿದ ಜೋಡಿ ಇದ್ದರೆ ಬಯಲಿನ ತ್ರಿವಳಿ ಇದ್ದೇ ಇರುತ್ತದೆ. ಹಾಗಾಗಿ ಎರಡನ್ನೂ ಹುಡುಕುವ ಶ್ರಮ ಬೇಡ. ಗುಂಪಿನಲ್ಲಿ ಖಾಲಿ ಮನೆ ಕಡಿಮೆ ಇದ್ದಾಗ ಬಯಲಿನದು ಬೇಗ ಕಾಣುತ್ತದೆ. ಏಳೆಂಟು ಖಾಲಿ ಇದ್ದಾಗ ಅಡಗಿದ ಜೋಡಿಯನ್ನೇ ಹುಡುಕುವುದು ವಾಸಿ. ತ್ರಿವಳಿಯ ಬಗ್ಗೆ ಒಂದು ಎಚ್ಚರ: ಮೂರು ಮನೆಗಳಲ್ಲೂ ಮೂರೂ ಅಂಕಿ ಇರಬೇಕಾಗಿಲ್ಲ. ಒಂದರಲ್ಲಿ 6 ಮತ್ತು 8, ಇನ್ನೊಂದರಲ್ಲಿ 8 ಮತ್ತು 9, ಮತ್ತೊಂದರಲ್ಲಿ 6 ಮತ್ತು 9 ಎಂದು ಎರಡೆರಡು ಇದ್ದರೂ ಅದು ತ್ರಿವಳಿಯೇ.

ಕಷ್ಟದ ಒಗಟು

ಕೊಟ್ಟ ಅಂಕಿಗಳು ಕಡಿಮೆ ಇದ್ದರೆ ಒಗಟು ಕಷ್ಟ ಎಂಬ ನಂಬಿಕೆ ಗಟ್ಟಿಯಾಗಿದೆ. ಅದು ಸರಿಯಲ್ಲ. ಒಂದೇ ಉತ್ತರ ಇರಬೇಕಾದರೆ ಕನಿಷ್ಠ 17 ಅಂಕಿ ಕೊಡಬೇಕು ಎಂದು ಡಬ್ಲಿನ್‌ನ ಗ್ಯಾರಿ ಮೆಕ್‌ಗೈರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ಅದಕ್ಕೆ ಸುಮಾರು 70 ಲಕ್ಷ ಕೋರ್-ಗಂಟೆಗಳ (ಪ್ರೊಸೆಸರ್‌ನ ಒಂದು ಕೋರ್ ಒಂದು ಗಂಟೆ ದುಡಿದರೆ ಒಂದು ಕೋರ್-ಗಂಟೆ) ಕಂಪ್ಯೂಟರ್ ಕೆಲಸ ಬೇಕಾಯಿತು. ಆ 17 ಅಂಕಿಯ ಒಗಟುಗಳಲ್ಲಿ ಒಂಟಿಗಳಿಂದಲೇ ಮುಗಿಯುವವು ಬೇಕಾದಷ್ಟಿವೆ. 24 ಅಂಕಿ ಕೊಟ್ಟು ಬೆವರಿಳಿಸುವ ಒಗಟೂ ಇದೆ. ಕಷ್ಟವನ್ನು ಅಳೆಯುವುದು ದಾರಿಯಲ್ಲಿ ಬೇಕಾಗುವ ಅತಿ ಕಷ್ಟದ ಹೆಜ್ಜೆಯಿಂದ, ಅಂಥ ಹೆಜ್ಜೆ ಎಷ್ಟು ಸಲ ಬೇಕು ಎಂಬುದರಿಂದ. ಒಂದು ತಾಣದ 'ಕಠಿಣ' ಇನ್ನೊಂದು ತಾಣದ 'ಮಧ್ಯಮ'ಕ್ಕೆ ಸಮವಾಗುವುದೂ ಇದರಿಂದಲೇ, ಅಳತೆಗೋಲು ಅವರವರದು.

ಎಕ್ಸ್-ವಿಂಗ್ ಎಂಬುದು ಹೆಸರಿಗೆ ಹೆದರಿಸುತ್ತದೆ, ವಾದ ಸರಳ. 9ನ್ನು ಹಿಡಿಯಿರಿ. ಎರಡನೇ ಅಡ್ಡಸಾಲಿನಲ್ಲಿ ಅದಕ್ಕೆ 2-4, 2-8 ಎರಡೇ ಜಾಗ. ಏಳನೇ ಅಡ್ಡಸಾಲಿನಲ್ಲಿ 7-4, 7-8 ಎರಡೇ ಜಾಗ. ಒಂದೋ 2-4 ಮತ್ತು 7-8, ಇಲ್ಲವೋ 2-8 ಮತ್ತು 7-4. ಯಾವುದೇ ಆದರೂ ನಾಲ್ಕನೇ ಕಂಬಸಾಲಿಗೊಂದು 9, ಎಂಟನೇ ಕಂಬಸಾಲಿಗೊಂದು 9 ಸಿಕ್ಕಿತು. ಆ ಎರಡು ಕಂಬಸಾಲುಗಳ ಉಳಿದ ಮನೆಗಳಿಂದ 9 ಅಳಿಸಿ. ತಪ್ಪಾಗುವುದು 'ಎರಡೇ' ಎಂಬ ಮಾತಿನಲ್ಲಿ. ನಾಲ್ಕು ಮೂಲೆ ಕಂಡ ಖುಷಿಯಲ್ಲಿ ಏಳನೇ ಸಾಲಿನ 7-2ರಲ್ಲಿ ಇನ್ನೊಂದು 9 ಇರುವುದನ್ನು ನೋಡದಿದ್ದರೆ ಇಡೀ ವಾದ ಬಿದ್ದಂತೆ. ಅಡ್ಡಸಾಲುಗಳಲ್ಲಿ ಎರಡೇ ಎಂದು ಕಂಡರೆ ಅಳಿಸುವುದು ಕಂಬಸಾಲುಗಳಲ್ಲಿ. ಕಂಬಸಾಲುಗಳಲ್ಲಿ ಕಂಡರೆ ಅಳಿಸುವುದು ಅಡ್ಡಸಾಲುಗಳಲ್ಲಿ.

ಎರಡೆರಡು ಅಭ್ಯರ್ಥಿಗಳ ಮೂರು ಮನೆಗಳಿಂದ ಬರುವ ಎಕ್ಸ್‌ವೈ-ವಿಂಗ್ ನನ್ನ ಮಟ್ಟಿಗೆ ಇದಕ್ಕಿಂತ ಹೆಚ್ಚು ಉಪಯೋಗಿ. 2-2ರಲ್ಲಿ 3, 7. ಅದೇ ಸಾಲಿನ 2-8ರಲ್ಲಿ 3, 5. ಅದೇ ಕಂಬದ 6-2ರಲ್ಲಿ 7, 5. ನಡುವಿನ 2-2 ಏನಾದರೂ 3 ಆದರೆ 2-8ಕ್ಕೆ 5 ಬಂತು. 7 ಆದರೆ 6-2ಕ್ಕೆ 5 ಬಂತು. ಎರಡು ತುದಿಗಳಲ್ಲಿ ಒಂದರಲ್ಲಾದರೂ 5 ಖಂಡಿತ. ಎರಡಕ್ಕೂ ನೆರೆಯಾದ ಮನೆ 6-8. ಅಲ್ಲಿ 5 ಇರಲಾರದು. ಗಮನಿಸಿ, ಈ ಮೂರು ಮನೆಗಳಲ್ಲಿ ಏನು ಬರುತ್ತದೆ ಎಂದು ಈಗಲೂ ನಮಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ಸ್ವೋರ್ಡ್‌ಫಿಶ್ ಅಂದರೆ ಎಕ್ಸ್-ವಿಂಗೇ, ಮೂರು ಸಾಲು ಮೂರು ಕಂಬಕ್ಕೆ ಹಿಗ್ಗಿದ್ದು. ಅದಕ್ಕಿಂತ ಮುಂದಿನ ಸರಪಳಿಗಳ ಬಗ್ಗೆ ಇವತ್ತು ಹೇಳುವುದಿಲ್ಲ. ದಿನದ ಒಗಟಿಗೆ ಅವು ಬೇಕಾಗುವುದು ಅಪರೂಪ.

ಊಹೆ ಮಾಡಬಹುದೇ? ಎರಡು ಅಭ್ಯರ್ಥಿಗಳ ಮನೆಯಲ್ಲಿ ಒಂದನ್ನು ಹಾಕಿ ನೋಡಿ, ವಿರೋಧ ಬಂದರೆ ಇನ್ನೊಂದು ಸರಿ ಎನ್ನುವುದು ತರ್ಕದ ದೃಷ್ಟಿಯಿಂದ ಪೂರ್ತಿ ನ್ಯಾಯ. ಒಗಟು ಬಿಡಿಸುವ ಪ್ರೋಗ್ರಾಂಗಳು ಮಾಡುವುದೂ ಬಹುಮಟ್ಟಿಗೆ ಅದನ್ನೇ. ಆದರೆ ಹಾಕಿದ ಮೇಲೆ ವಿರೋಧ ಬಾರದೆ ನಡುವೆ ನಿಂತರೆ ಏನೂ ಸಾಬೀತಾಗಲಿಲ್ಲ. ಇದನ್ನು ಮರೆತು ಮುಂದುವರಿದವರೇ ಕೊನೆಗೆ ಪೇಚಿಗೆ ಬೀಳುತ್ತಾರೆ. ಊಹೆಗೆ ಇಳಿಯುವುದಾದರೆ ಅಲ್ಲಿಂದ ಮುಂದಿನ ಅಂಕಿಗಳನ್ನೆಲ್ಲ ಬೇರೆ ಬಣ್ಣದಲ್ಲಿ ಹಾಕಿ. ಬಣ್ಣದ ಸೌಲಭ್ಯ ಇಲ್ಲದಿದ್ದರೆ ಎಷ್ಟು ಹೆಜ್ಜೆ ಹಾಕಿದಿರಿ ಎಂದು ಎಣಿಸಿ, ಅಷ್ಟೇ ಸಲ ಹಿಂದಿನ ಬಾಣವನ್ನು ಒತ್ತಿ ವಾಪಸ್ಸು ಬನ್ನಿ.

ಅಕ್ಕಪಕ್ಕದ ಆಟಗಳು

ಕಿಲ್ಲರ್ ಸುಡೊಕುವಿನಲ್ಲಿ ಅಂಕಿಗಳ ಬದಲು ಪಂಜರಗಳ, ಅಂದರೆ ಗೆರೆ ಸುತ್ತಿ ಗುರುತಿಸಿದ ಮನೆಗಳ ಗುಂಪುಗಳ, ಮೊತ್ತ ಕೊಡುತ್ತಾರೆ. ಪ್ರತಿ ಗುಂಪಿನ ಮೊತ್ತ 45 ಎಂಬುದೇ ಅಲ್ಲಿ ಕೀಲಿಕೈ. ಒಂದು ಚೌಕದೊಳಗೆ ಪೂರ್ತಿ ಕೂತ ಪಂಜರಗಳ ಮೊತ್ತ 38 ಆಗಿ ಒಂದು ಮನೆ ಹೊರಗುಳಿದರೆ ಅದು 7. ಎರಡು ಮನೆಯ ಪಂಜರಕ್ಕೆ 3, 4, 16, 17 ಬಂದರೆ ಒಂದೇ ಬಗೆ ಸಾಧ್ಯ: 1+2, 1+3, 7+9, 8+9. ಮೂರು ಮನೆಗೆ 6, 7, 23, 24 ಹಾಗೆಯೇ. ಕೆನ್‌ಕೆನ್‌ನಲ್ಲಿ ಮೂರು-ಮೂರರ ಚೌಕ ಇಲ್ಲ, ಕೂಡಿಸುವುದರ ಜೊತೆ ಕಳೆಯುವುದು, ಗುಣಿಸುವುದು, ಭಾಗಿಸುವುದೂ ಇದೆ. ಅಲ್ಲಿ ಎಡವುವ ಜಾಗ: ಪಂಜರದೊಳಗೆ ಒಂದೇ ಅಂಕಿ ಎರಡು ಸಲ ಬರಬಹುದು, ಸಾಲು ಕಂಬ ಬೇರೆ ಇದ್ದರೆ ಸಾಕು. ಕಿಲ್ಲರ್‌ನ ಅಭ್ಯಾಸದಿಂದ ಬಂದವರು ಇದನ್ನು ನಂಬುವುದೇ ಇಲ್ಲ.

ಸಭಿಕರ ಪ್ರಶ್ನೆಗಳು

*ಕೊನೆಯ ಹತ್ತು ಮನೆ ಇರುವಾಗ ಒಂದೇ ಸಾಲಿನಲ್ಲಿ ಎರಡು 8 ಬರುತ್ತವೆ. ಆಗ ಏನು ಮಾಡಬೇಕು, ಸರ್?*

ಮೊದಲನೆಯದಾಗಿ, ಆ ಎರಡು 8ರಲ್ಲಿ ಒಂದು ತಪ್ಪಾಗಿರಲೇಬೇಕು, ಆದರೆ ತಪ್ಪು ಹುಟ್ಟಿದ್ದು ಅಲ್ಲಲ್ಲ. ಇಪ್ಪತ್ತು ಹೆಜ್ಜೆ ಹಿಂದೆ ಎಲ್ಲೋ ಒಂದು ಅಂಕಿ ಕಾರಣವಿಲ್ಲದೆ ಕೂತಿದೆ, ಅದರ ಪರಿಣಾಮ ಜಾಗ ಕಡಿಮೆಯಾದಾಗ ಹೊರಬಂತು. 8ನ್ನು ಅಲ್ಲೇ ಬದಲಿಸಿ ಸರಿಮಾಡಲು ಹೋದರೆ ಗಾಯದ ಮೇಲೆ ಬಟ್ಟೆ ಸುತ್ತಿದಂತೆ. ಹಿಂದಿನ ಬಾಣ ಒತ್ತುತ್ತಾ ಪ್ರತಿ ಅಂಕಿಗೂ 'ಇದು ಯಾಕೆ ಇಲ್ಲಿ' ಎಂದು ಕೇಳಿ. ಒಂದು ವಾಕ್ಯದಲ್ಲಿ ಕಾರಣ ಹೇಳಲಾಗದ ಮೊದಲ ಅಂಕಿ ಸಿಕ್ಕಿದಾಗ ನಿಲ್ಲಿಸಿ, ಅದನ್ನು ಅಳಿಸಿ, ಅಲ್ಲಿಂದ ಟಿಪ್ಪಣಿಗಳನ್ನು ಹೊಸದಾಗಿ ಮಾಡಿ. ಹಳೆಯ ಟಿಪ್ಪಣಿ ಉಳಿಸಿಕೊಳ್ಳಬೇಡಿ, ಅದರಲ್ಲಿ ತಪ್ಪು ಅಂಕಿ ಅಳಿಸಿಹಾಕಿದ ಸರಿ ಅಭ್ಯರ್ಥಿಗಳ ಕೊರತೆ ಇರುತ್ತದೆ.

*ಸುಳಿವಿನ ಗುಂಡಿ ಒತ್ತುವುದು ಮೋಸವೇ?*

ಸುಳಿವು ಏನು ಕೊಡುತ್ತದೆ ಎಂಬುದರ ಮೇಲೆ. ಅಂಕಿಯನ್ನೇ ತುಂಬಿಕೊಡುವ ಸುಳಿವಿನಿಂದ ಏನೂ ಸಿಗುವುದಿಲ್ಲ. 'ಐದನೇ ಚೌಕದಲ್ಲಿ ಒಂದು ಜೋಡಿ ಇದೆ' ಎಂದು ಜಾಗ ತೋರಿಸಿ ಬಿಡುವ ಸುಳಿವು ಒಳ್ಳೆಯ ಮೇಷ್ಟರಂತೆ. ಒತ್ತಿದ ಮೇಲೆ, ಅದು ತೋರಿಸಿದ್ದು ಅಡಗಿದ ಒಂಟಿಯೋ ಜೋಡಿಯೋ ಎಂದು ಗುರುತಿಸಿಟ್ಟುಕೊಳ್ಳಿ. ಹತ್ತು ದಿನ ಹೀಗೆ ಮಾಡಿದರೆ ನಿಮ್ಮ ಕಣ್ಣು ಯಾವುದನ್ನು ಬಿಟ್ಟುಬಿಡುತ್ತದೆ ಎಂದು ತಿಳಿಯುತ್ತದೆ.

*ಒಗಟಿಗೆ ಒಂದೇ ಉತ್ತರ ಎಂಬುದನ್ನು ಬಿಡಿಸುವಾಗ ಬಳಸಿಕೊಳ್ಳಬಹುದೇ?*

ನಂಬಿಕಸ್ಥ ತಾಣವಾದರೆ ಬಳಸಬಹುದು. ಎರಡು ಸಾಲು, ಎರಡು ಕಂಬ, ಎರಡೇ ಚೌಕಗಳಲ್ಲಿ ಕೂತ ನಾಲ್ಕು ಮೂಲೆಗಳನ್ನು ನೋಡಿ, ಉದಾಹರಣೆಗೆ 1-2, 1-5, 3-2, 3-5. ಮೂರರಲ್ಲಿ 2, 6 ಮಾತ್ರ, ನಾಲ್ಕನೆಯದರಲ್ಲಿ 2, 6, 9. ನಾಲ್ಕನೆಯದೂ 2 ಅಥವಾ 6 ಆಗಿಬಿಟ್ಟರೆ 2 ಮತ್ತು 6 ಅದಲುಬದಲಾದರೂ ಯಾವ ನಿಯಮವೂ ಮುರಿಯುವುದಿಲ್ಲ, ಎರಡು ಉತ್ತರ ಬರುತ್ತವೆ. ಹಾಗಾಗಬಾರದು ಎಂದಾದ್ದರಿಂದ ಅಲ್ಲಿ 9. ನಾಲ್ಕು ಮೂಲೆಗಳು ನಾಲ್ಕು ಚೌಕಗಳಲ್ಲಿ ಹರಡಿದ್ದರೆ ಈ ವಾದ ನಡೆಯುವುದಿಲ್ಲ, ಅದಲುಬದಲು ಮಾಡಿದರೆ ಚೌಕದ ನಿಯಮ ಮುರಿಯುತ್ತದೆ.

*ಹಾಗಾದರೆ ನಾಲ್ಕು ಮನೆ ಉಳಿದು, ಎರಡು ಅಂಕಿ ಹೇಗೆ ಹಾಕಿದರೂ ಸರಿ ಬಂದರೆ? ನಾವು ಹಿಂದೆ ಎಲ್ಲೋ ತಪ್ಪಿದ್ದೇವೆ ಎಂದರ್ಥವೇ?*

ಎಲ್ಲರೂ ಹಾಗೇ ಅಂದುಕೊಂಡು ಮೊದಲಿನಿಂದ ಶುರುಮಾಡುತ್ತಾರೆ. ಬೇಡ. ಮೊದಲು ಎರಡರಲ್ಲಿ ಒಂದು ಬಗೆಯಲ್ಲಿ ತುಂಬಿ, 27 ಗುಂಪುಗಳನ್ನೂ ನೋಡಿ. ಎಲ್ಲಾದರೂ ಒಂದು ಅಂಕಿ ಎರಡು ಸಲ ಬಂದಿದ್ದರೆ ತಪ್ಪು ನಿಮ್ಮದು. ಎಲ್ಲೂ ಬಂದಿಲ್ಲ ಎಂದರೆ, ನೀವು ದಾರಿಯಲ್ಲಿ ಊಹೆಯನ್ನೇ ಮಾಡಿರಿ, ಕಣ್ಣುಮುಚ್ಚಿಯೇ ಒತ್ತಿರಿ, ಕೊಟ್ಟ ಅಂಕಿಗಳಿಗೆ ಹೊಂದುವ ಒಂದು ಪೂರ್ತಿ ಉತ್ತರ ನಿಮ್ಮ ಮುಂದಿದೆ. ಆ ನಾಲ್ಕನ್ನು ಅದಲುಬದಲು ಮಾಡಿದರೆ ಇನ್ನೊಂದು. ಎರಡು ಉತ್ತರ ಕಣ್ಣೆದುರೇ ಇರುವಾಗ ಒಗಟೇ ಕೆಟ್ಟದ್ದು ಎಂದಾಯಿತು. ಕಾಗದದಿಂದ ನೋಡಿ ತೆರೆಗೆ ಹಾಕಿಕೊಂಡ ಒಗಟಾದರೆ ಮಾತ್ರ ಇನ್ನೊಂದು ಕೆಲಸ ಬಾಕಿ: ಮೂಲದಲ್ಲಿದ್ದ ಅಂಕಿ ಒಂದನ್ನು ನಕಲು ಮಾಡುವಾಗ ಬಿಟ್ಟಿದ್ದೀರಾ ಎಂದು ಎಣಿಸಿ ನೋಡಿ.